ವರ್ಲ್ಡ್ ಕಪ್ ಇಲ್ಲದ ವರ್ಷ ಯಾವ ಖಂಡದ ಫುಟ್‌ಬಾಲ್ ನೋಡೋದು? ಮಲೆನಾಡಿನ ಮನೆಗಳಿಗೆ ಒಂದು ಹೋಲಿಕೆ

2022ರ ಡಿಸೆಂಬರ್ 18. ಕತಾರ್‌ನಲ್ಲಿ ವರ್ಲ್ಡ್ ಕಪ್ ಫೈನಲ್. ಅರ್ಜೆಂಟೀನ, ಫ್ರಾನ್ಸ್ 3-3 ಸಮ. ಆಮೇಲೆ ಪೆನಾಲ್ಟಿ, ಕೊನೆಗೆ ಮೆಸ್ಸಿ ಕೈಗೆ ಕಪ್. ಟಿವಿ ಆರಿಸಿದ ಮೇಲೂ ಅಕ್ಕನ ಮಗ ಚಾಪೆ ಬಿಟ್ಟು ಏಳಲಿಲ್ಲ. ಆಗ ಅವನಿಗೆ ಐದನೇ ಕ್ಲಾಸು. "ಮಾವ, ನಾಳೆಯಿಂದ ಏನು ನೋಡೋದು?" ಅಂದ.

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಇಬ್ಬರೂ ಸೇರಿ ಕೈಗೆ ಸಿಕ್ಕಿದ್ದನ್ನೆಲ್ಲ ನೋಡಿದೆವು. ಚಿಕ್ಕಮಗಳೂರಿನ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಬೆಳಿಗ್ಗೆ ಬೇಗ ಏಳಬೇಕು, ಮಳೆಗಾಲದಲ್ಲಿ ಕರೆಂಟ್ ಇರಲ್ಲ, ಹುಡುಗನಿಗೆ ಸ್ಕೂಲು ತಪ್ಪಿಸೋ ಹಾಗಿಲ್ಲ. ಹೀಗಿರುವಾಗ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಅನ್ನೋದು ನೋಡ್ತಾ ನೋಡ್ತಾ ಗೊತ್ತಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಯಾರ ಕೆಳಗೆ ಯಾರು ಅನ್ನೋದು ಸರಿಯಾಗಿ ಗೊತ್ತಿರಲಿ. ನಮ್ಮ ಕಡೆ ಹಾಲಿನ ಲೆಕ್ಕ ಹೇಗಿದೆ? ಊರಿನಲ್ಲಿ ಡೇರಿ, ಅದರ ಮೇಲೆ ಹಾಸನದ ಹಾಲು ಒಕ್ಕೂಟ, ಅದರ ಮೇಲೆ ಬೆಂಗಳೂರಿನ ಮಹಾಮಂಡಳ. ಫುಟ್‌ಬಾಲ್ ಕೂಡ ಹಾಗೇ. ಎಲ್ಲಕ್ಕಿಂತ ಮೇಲೆ ಫಿಫಾ, ಅದರಲ್ಲಿ 211 ಸದಸ್ಯ ಸಂಸ್ಥೆಗಳು. ಇವೆಲ್ಲ ಆರು ಖಂಡದ ಒಕ್ಕೂಟಗಳಲ್ಲಿ ಹಂಚಿಹೋಗಿವೆ. ಯುರೋಪಿಗೆ ಯುಇಎಫ್‌ಎ, ದಕ್ಷಿಣ ಅಮೆರಿಕಕ್ಕೆ ಕಾನ್ಮೆಬೋಲ್, ಆಫ್ರಿಕಕ್ಕೆ ಸಿಎಎಫ್, ಏಷ್ಯಾಕ್ಕೆ ಎಎಫ್‌ಸಿ, ಉತ್ತರ ಮತ್ತು ಮಧ್ಯ ಅಮೆರಿಕ, ಕೆರಿಬಿಯನ್‌ಗೆ ಕಾನ್ಕಕಾಫ್, ಪೆಸಿಫಿಕ್ ದ್ವೀಪಗಳಿಗೆ ಒಎಫ್‌ಸಿ. ವರ್ಲ್ಡ್ ಕಪ್ಪಿಗೆ ಯಾರು ಹೋಗಬೇಕು ಅನ್ನೋ ಅರ್ಹತಾ ಪಂದ್ಯಗಳು ನಡೆಯೋದು ಈ ಒಕ್ಕೂಟಗಳಲ್ಲೇ. ಅದರ ಜೊತೆಗೆ ಪ್ರತಿಯೊಂದಕ್ಕೂ ತನ್ನದೇ ದೊಡ್ಡ ಕಪ್ ಇದೆ. ನಾವು ಆರಿಸಬೇಕಾದ್ದು ಆ ಕಪ್‌ಗಳ ನಡುವೆ.

ಜನ ಸಾಮಾನ್ಯವಾಗಿ ಸ್ಟಾರ್ ಆಟಗಾರರನ್ನು ನೋಡಿ ಆರಿಸುತ್ತಾರೆ. ನನ್ನ ಅನುಭವದಲ್ಲಿ ಅದು ಸರಿಹೋಗಲ್ಲ. ಯಾಕಂದ್ರೆ ನೀವು ಪೂರ್ತಿ ನೋಡದ ಟೂರ್ನಿಯಲ್ಲಿ ಯಾವ ಸ್ಟಾರ್ ಇದ್ದರೇನು? ಪಂದ್ಯ ನಮ್ಮ ಗಡಿಯಾರದಲ್ಲಿ ಎಷ್ಟು ಗಂಟೆಗೆ ಬರುತ್ತೆ, ಆ ತಿಂಗಳು ನಮ್ಮ ಮನೆಯಲ್ಲಿ ಏನು ಕೆಲಸ ಇರುತ್ತೆ, ಇದನ್ನು ಮೊದಲು ನೋಡಿ. ಒಂದು ಟೂರ್ನಿಯನ್ನು ಗುಂಪು ಹಂತದಿಂದ ಫೈನಲ್‌ವರೆಗೆ ಬಿಡದೆ ನೋಡಿದಾಗ ಮಾತ್ರ ಅದು ನಿಮ್ಮದಾಗುತ್ತೆ.

ಹೊಸಬರಿಗೆ: ಏಷ್ಯನ್ ಕಪ್

ನನ್ನ ಮೊದಲ ಆಯ್ಕೆ ಇದೇ. ಇದನ್ನು ಹೇಳಿದರೆ ತುಂಬ ಜನ ಒಪ್ಪಲ್ಲ, ಗೊತ್ತು. ಆದರೂ ಕೇಳಿ.

2024ರ ಜನವರಿ, ಫೆಬ್ರುವರಿಯಲ್ಲಿ ಕತಾರ್‌ನಲ್ಲಿ ನಡೆದ ಏಷ್ಯನ್ ಕಪ್ ನೆನಪು ಮಾಡಿಕೊಳ್ಳಿ. ಭಾರತದ ಪಂದ್ಯಗಳು ನಮ್ಮ ಸಂಜೆ 5ಕ್ಕೆ, ರಾತ್ರಿ 8ಕ್ಕೆ. ಫೈನಲ್ 8.30ಕ್ಕೆ. ಜನವರಿ ಅಂದ್ರೆ ನಮ್ಮ ಕಡೆ ಕೊಯ್ಲಿನ ಕಾಲ. ಅರೇಬಿಕಾ ಮುಗೀತಾ ಬಂದಿರುತ್ತೆ, ರೋಬಸ್ಟಾ ಶುರುವಾಗಿರುತ್ತೆ. ದಿನವಿಡೀ ಮೈ ಮುರಿಯುವ ಕೆಲಸ, ಆದರೆ ಕತ್ತಲಾದ ಮೇಲೆ ಕಣದಲ್ಲಿ ಹರಡಿದ ಕಾಫಿಗೆ ಟಾರ್ಪಲ್ ಹೊದಿಸಿದರೆ ಅವತ್ತಿನದು ಮುಗೀತು. ಮಳೆ ಇಲ್ಲ, ಕರೆಂಟ್ ಇರುತ್ತೆ. ಚಳಿಗೆ ಎಲ್ಲರೂ ಒಳಗೇ ಕೂತಿರುತ್ತಾರೆ. ಊಟ ಮಾಡ್ತಾ ಮ್ಯಾಚ್ ನೋಡಿ ಹನ್ನೊಂದಕ್ಕೆ ಮಲಗಬಹುದು. ಮನೆಮಂದಿಯೆಲ್ಲ ಒಟ್ಟಿಗೆ ಕೂತು ನೋಡಿದ ಟೂರ್ನಿ ಅಂತ ನಮ್ಮಲ್ಲಿ ಇದೊಂದೇ. ಅಮ್ಮ ಕೂಡ ನೋಡಿದರು.

ಭಾರತ ಅವತ್ತು ಚೆನ್ನಾಗಿ ಆಡಲಿಲ್ಲ. ಆಸ್ಟ್ರೇಲಿಯದ ಮೇಲೆ 0-2, ಉಜ್ಬೇಕಿಸ್ತಾನದ ಮೇಲೆ 0-3, ಸಿರಿಯಾ ಮೇಲೆ 0-1. ಮೂರು ಪಂದ್ಯ, ಒಂದು ಗೋಲೂ ಇಲ್ಲ. ಹುಡುಗ ಎರಡು ದಿನ ಮಾತಾಡಲಿಲ್ಲ. ನನಗೂ ಬೇಜಾರಾಗಿತ್ತು, ಆದರೆ ನಾವು ಟಿವಿ ಬಿಡಲಿಲ್ಲ. ಬಿಡದೇ ಇದ್ದಿದ್ದೇ ಒಳ್ಳೇದಾಯಿತು. ಮೊದಲ ಸಲ ಬಂದಿದ್ದ ತಜಿಕಿಸ್ತಾನ ಕ್ವಾರ್ಟರ್ ಫೈನಲ್‌ವರೆಗೆ ಹೋಯಿತು. ಜೋರ್ಡಾನ್ ಅನ್ನೋ ಸಣ್ಣ ದೇಶ ಸೆಮಿಯಲ್ಲಿ ದಕ್ಷಿಣ ಕೊರಿಯಾವನ್ನು 2-0ಯಿಂದ ಮಲಗಿಸಿತು. ಸೋನ್ ಹ್ಯುಂಗ್ ಮಿನ್ ಅನ್ನೋ ದೊಡ್ಡ ಸ್ಟಾರ್ ಇದ್ದ ತಂಡ ಕೊರಿಯಾದ್ದು! ಫೈನಲ್‌ನಲ್ಲಿ ಕತಾರ್ 3-1ಕ್ಕೆ ಗೆದ್ದಿತು, ಮೂರೂ ಗೋಲು ಅಕ್ರಂ ಅಫೀಫ್ ಹೊಡೆದ ಪೆನಾಲ್ಟಿಗಳೇ. ಅದಾದ ಒಂದೂವರೆ ವರ್ಷದೊಳಗೆ, 2025ರ ಜೂನ್‌ನಲ್ಲಿ, ಆ ಜೋರ್ಡಾನ್ ಮತ್ತು ನಮ್ಮನ್ನು ಸೋಲಿಸಿದ ಉಜ್ಬೇಕಿಸ್ತಾನ ಎರಡೂ ಮೊದಲ ಸಲ ವರ್ಲ್ಡ್ ಕಪ್ಪಿಗೆ ಅರ್ಹತೆ ಪಡೆದವು. ಇವರು ಮೇಲೆ ಹತ್ತಿದ್ದನ್ನು ಕಣ್ಣಾರೆ ನೋಡಿದ್ದೇವೆ ಅನ್ನೋ ಖುಷಿ ನಮಗಿದೆ.

ಇನ್ನೊಂದು ಕಾರಣ ಇದೆ. ಭಾರತ ಎಲ್ಲಿ ನಿಂತಿದೆ ಅಂತ ನಿಜವಾಗಿ ತೋರಿಸೋ ಕನ್ನಡಿ ಏಷ್ಯನ್ ಕಪ್. 1964ರಲ್ಲಿ ನಾವು ರನ್ನರ್ ಅಪ್. 2019ರಲ್ಲಿ ಥಾಯ್ಲೆಂಡನ್ನು 4-1ಕ್ಕೆ ಸೋಲಿಸಿದೆವು. 2027ರ ಕಪ್ಪಿಗೆ ಅರ್ಹತೆಯೇ ಸಿಗಲಿಲ್ಲ, 2025ರ ಅಕ್ಟೋಬರ್ 14ಕ್ಕೆ ಗೋವಾದಲ್ಲಿ ಸಿಂಗಪುರದ ಎದುರು 1-2 ಸೋತ ದಿನ ಆ ಬಾಗಿಲು ಮುಚ್ಚಿತು. ನಮ್ಮವರಿಲ್ಲದ ಟೂರ್ನಿ ಯಾಕೆ ನೋಡಬೇಕು ಅಂತ ಕೇಳಬಹುದು. ಸಿಂಗಪುರ, ಜೋರ್ಡಾನ್, ತಜಿಕಿಸ್ತಾನ ಏನು ಮಾಡಿದವು ಅಂತ ನೋಡದೆ ನಮ್ಮ ತಂಡವನ್ನು ಬೈಯೋದು ಸುಲಭ, ಅದಕ್ಕೇ ನೋಡಬೇಕು ಅಂತೀನಿ. 2027ರ ಕಪ್ ನಡೆಯೋದು ಸೌದಿ ಅರೇಬಿಯದಲ್ಲಿ, ಜನವರಿ 7ರಿಂದ ಫೆಬ್ರುವರಿ 5. ಕತಾರ್ ಗಡಿಯಾರವೂ ಸೌದಿ ಗಡಿಯಾರವೂ ಒಂದೇ, ನಮಗಿಂತ ಎರಡೂವರೆ ಗಂಟೆ ಹಿಂದೆ. ಮತ್ತೆ ಕೊಯ್ಲಿನ ಸಂಜೆಗಳು.

ಯೂರೊ ಕಪ್ ಮತ್ತು ಕೋಪಾ ಅಮೆರಿಕ: ಒಂದೇ ರಾತ್ರಿಯ ಕತೆ

ಯೂರೊ ಯುರೋಪಿನ ಕಪ್, ಕೋಪಾ ದಕ್ಷಿಣ ಅಮೆರಿಕದ್ದು. ಇವೆರಡರ ವ್ಯತ್ಯಾಸ ನನಗೆ ಅರ್ಥ ಆಗಿದ್ದು 2024ರ ಜುಲೈ 14, ಭಾನುವಾರ ರಾತ್ರಿ. ಅವತ್ತು ಎರಡರ ಫೈನಲ್ಲೂ ಕೆಲವೇ ಗಂಟೆಗಳ ಅಂತರದಲ್ಲಿ ಬಂದಿದ್ದವು.

ಪುನರ್ವಸು ಮಳೆ ಹಿಡಿದಿತ್ತು. ಹೆಂಚಿನ ಮೇಲೆ ಬೀಳೋ ಸದ್ದಿಗೆ ಟಿವಿ ಕಾಮೆಂಟರಿ ಕೇಳ್ತಾ ಇರಲಿಲ್ಲ. ಯೂರೊ ಫೈನಲ್ ಶುರುವಾಗಿದ್ದು 12.30ಕ್ಕೆ. ಹುಡುಗ ಹತ್ತಕ್ಕೇ ಮಲಗಿ, ಅಲಾರಂ ಇಟ್ಟು ಎದ್ದಿದ್ದ. ಕಂಬಳಿ ಹೊದ್ದುಕೊಂಡು ಕೂತ. ಮೊದಲರ್ಧ ಗೋಲಿಲ್ಲ. ಎರಡನೇ ಅರ್ಧ ಶುರುವಾಗುತ್ತಿದ್ದ ಹಾಗೇ ಸ್ಪೇನ್‌ನ ನಿಕೊ ವಿಲಿಯಮ್ಸ್ ಹೊಡೆದ. ಅಷ್ಟೊತ್ತಿಗೆ ಕರೆಂಟ್ ಹೋಯಿತು. ಯುಪಿಎಸ್‌ನಲ್ಲಿ ಟಿವಿ ಎಳೆಯಿತು, ನಾನು ಮನೆಯ ಬೇರೆ ಎಲ್ಲ ಸ್ವಿಚ್ ಆರಿಸಿ ಬಂದೆ. ಇಂಗ್ಲೆಂಡ್‌ನ ಪಾಮರ್ ಸಮ ಮಾಡಿದ. 86ನೇ ನಿಮಿಷ ಒಯಾರ್ಸಬಾಲ್ ಕಾಲು ಚಾಚಿ ತಳ್ಳಿದ ಚೆಂಡು ಒಳಗೆ. 2-1. ಸ್ಪೇನಿಗೆ ನಾಲ್ಕನೇ ಯೂರೊ. ಎರಡೂವರೆ ಹೊತ್ತಿಗೆ ಮಲಗಿದೆವು.

ಕೋಪಾ ಫೈನಲ್ ಅಮೆರಿಕದ ಮಯಾಮಿಯಲ್ಲಿ, ನಮ್ಮ ಬೆಳಿಗ್ಗೆ 5.30ಕ್ಕೆ. ಆ ಸಲದ ಕೋಪಾ ನಮ್ಮ ಟಿವಿಯ ಯಾವ ಚಾನೆಲ್‌ನಲ್ಲೂ ಬರಲಿಲ್ಲ, ಹಾಗಾಗಿ ಫೋನಿನಲ್ಲಿ ಸ್ಕೋರ್ ನೋಡ್ತಾ ಕೂತೆವು. ಅಲ್ಲಿ ಗೇಟಿನ ಹತ್ತಿರ ಜನ ನುಗ್ಗಿ ಗಲಾಟೆಯಾಗಿ ಪಂದ್ಯ ಶುರುವಾಗುವಾಗ ನಮಗೆ ಏಳು ಗಂಟೆ ಹತ್ತಿರ. ಹುಡುಗ ಯೂನಿಫಾರ್ಮ್ ಹಾಕಿ, ಬ್ಯಾಗು ಬೆನ್ನಿಗೇರಿಸಿ, ಕೊಡೆ ಹಿಡಿದು ಬಸ್ಸಿಗೆ ಹೊರಟಾಗ ಇನ್ನೂ 0-0. ಅವನು ಹೋದ ಮೇಲೆ ಮೆಸ್ಸಿ ಕಾಲುನೋವಿಗೆ ಹೊರಗೆ ಬಂದು ಬೆಂಚಿನಲ್ಲಿ ಅತ್ತ ಸುದ್ದಿ ಬಂತು. ಹೆಚ್ಚುವರಿ ಸಮಯದಲ್ಲಿ, 112ನೇ ನಿಮಿಷ, ಲೌಟಾರೊ ಮಾರ್ಟಿನೆಸ್ ಹೊಡೆದ. ಅರ್ಜೆಂಟೀನ 1, ಕೊಲಂಬಿಯ 0. ಸಂಜೆ ಬಸ್ಸಿಳಿದವನು ಅಂಗಳದಿಂದಲೇ ಕೂಗಿ ಕೇಳಿದ, "ಮಾವ, ಏನಾಯ್ತು?" ಸ್ಕೂಲಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲವಂತೆ. ನಾನು ಹೇಳಿದ ಮೇಲೆ ಒದ್ದೆ ಬ್ಯಾಗಿನ ಸಮೇತ ಅಂಗಳದಲ್ಲಿ ಒಂದು ಸುತ್ತು ಓಡಿದ.

ಈಗ ಹೋಲಿಕೆ. ಯುಇಎಫ್‌ಎಯಲ್ಲಿ 55 ಸದಸ್ಯರು, ಯೂರೊದಲ್ಲಿ 2016ರಿಂದ 24 ತಂಡ. 1960ರಲ್ಲಿ ಮೊದಲ ಸಲ ನಡೆದಾಗ ಕೊನೆಯ ಸುತ್ತಿನಲ್ಲಿ ಬರೀ ನಾಲ್ಕು ತಂಡ ಇದ್ದವು, ಗೆದ್ದಿದ್ದು ಸೋವಿಯತ್ ಒಕ್ಕೂಟ. ಆಟದ ಮಟ್ಟ ಬೇಕು, ತಂತ್ರ ನೋಡಬೇಕು, ಯಾವ ತಂಡವೂ ಯಾರನ್ನಾದರೂ ಕೆಡವಬಹುದು ಅನ್ನೋ ಭಯ ಬೇಕು ಅಂದ್ರೆ ಇದಕ್ಕಿಂತ ಒಳ್ಳೇದು ಇಲ್ಲ. 2004ರಲ್ಲಿ ಗ್ರೀಸ್ ಗೆದ್ದಿದ್ದು ಇಲ್ಲೇ. 1992ರಲ್ಲಿ ಯುಗೊಸ್ಲಾವಿಯ ಬದಲು ಕೊನೆ ಗಳಿಗೆಯಲ್ಲಿ ಕರೆಸಿದ ಡೆನ್ಮಾರ್ಕ್ ಕಪ್ ಎತ್ತಿಕೊಂಡು ಹೋಗಿದ್ದೂ ಇಲ್ಲೇ. 2024ರಲ್ಲಿ ಗುಂಪು ಹಂತದಲ್ಲಿ ನಮಗೆ ಸಂಜೆ 6.30, ರಾತ್ರಿ 9.30, 12.30ಕ್ಕೆ ಪಂದ್ಯ ಇದ್ದವು, ಅಂದ್ರೆ ಮಕ್ಕಳೂ ಅರ್ಧ ಟೂರ್ನಿ ನೋಡಬಹುದಿತ್ತು. ಮುಂದೆ ಹೋದಂತೆ ಎಲ್ಲ ತಡರಾತ್ರಿ. ಜೂನ್, ಜುಲೈ ತೋಟದಲ್ಲಿ ಕೆಲಸ ಕಮ್ಮಿ, ಆದ್ದರಿಂದ ದೊಡ್ಡವರು ನಿದ್ದೆ ಕೆಟ್ಟರೂ ನಡೆಯುತ್ತೆ. ಕರೆಂಟ್ ಮಾತ್ರ ನಂಬೋ ಹಾಗಿಲ್ಲ. ಮುಂದಿನ ಯೂರೊ 2028ಕ್ಕೆ ಬ್ರಿಟನ್ ಮತ್ತು ಐರ್ಲೆಂಡ್‌ನಲ್ಲಿ.

ಕಾನ್ಮೆಬೋಲ್ ಎಲ್ಲಕ್ಕಿಂತ ಹಳೇ ಒಕ್ಕೂಟ. 1916ರಲ್ಲಿ ಹುಟ್ಟಿತು, ಅದೇ ವರ್ಷ ಮೊದಲ ಟೂರ್ನಿ, ಗೆದ್ದಿದ್ದು ಉರುಗ್ವೆ. ಇರೋದೇ ಹತ್ತು ದೇಶ. ಹಾಗಾಗಿ ಕೋಪಾಕ್ಕೆ ಹೊರಗಿನವರನ್ನು ಅತಿಥಿಗಳಾಗಿ ಕರೆಯುತ್ತಾರೆ. ಅರ್ಜೆಂಟೀನ 16 ಸಲ ಗೆದ್ದಿದೆ, ಉರುಗ್ವೆ 15, ಬ್ರೆಜಿಲ್ 9. ಬ್ರೆಜಿಲ್ ಮೂರನೇ ಸ್ಥಾನದಲ್ಲಿ ಅಂದ್ರೆ ತುಂಬ ಜನಕ್ಕೆ ಆಶ್ಚರ್ಯ ಆಗುತ್ತೆ. ಬೆಳಿಗ್ಗೆ ನಾಲ್ಕು, ಐದಕ್ಕೆ ಏಳೋ ಅಭ್ಯಾಸ ಇರೋ ಮನೆಗೆ ಇದು ಹೇಳಿ ಮಾಡಿಸಿದ ಹಾಗಿದೆ. 2021ರಲ್ಲಿ ಬ್ರೆಜಿಲ್‌ನದೇ ಮರಕಾನಾ ಸ್ಟೇಡಿಯಮ್‌ನಲ್ಲಿ ಬ್ರೆಜಿಲ್ ಮೇಲೆ ಅರ್ಜೆಂಟೀನದ ಡಿ ಮರಿಯಾ ಗೋಲು ಹೊಡೆದ ಫೈನಲ್ ಭಾನುವಾರ ಬೆಳಿಗ್ಗೆ 5.30ಕ್ಕೆ ಬಂತು. ಒಲೆ ಮೇಲೆ ಕಾಫಿ ಇಟ್ಟು ನೋಡಿದ ಪಂದ್ಯ ಅದು.

ಆದರೆ ಕಾನ್ಮೆಬೋಲ್‌ನ ನಿಜವಾದ ರುಚಿ ಇರೋದು ವರ್ಲ್ಡ್ ಕಪ್ ಅರ್ಹತಾ ಪಂದ್ಯಗಳಲ್ಲಿ. ಹತ್ತು ತಂಡವೂ ಎಲ್ಲರ ಮೇಲೆ ಎರಡೆರಡು ಸಲ ಆಡಬೇಕು, ತಲಾ 18 ಪಂದ್ಯ, ಎರಡು ವರ್ಷ. ಬೊಲಿವಿಯಾ ತನ್ನ ದೇಶದಲ್ಲಿ ಆಡೋ ಪಂದ್ಯಗಳಲ್ಲಿ ಹೆಚ್ಚಿನವನ್ನು ಎಲ್ ಆಲ್ಟೊದಲ್ಲಿ ಇಟ್ಟುಕೊಂಡಿತ್ತು. 4,000 ಮೀಟರ್ ದಾಟಿದ ಊರು ಅದು. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಅಂದ್ರೆ ಮುಳ್ಳಯ್ಯನಗಿರಿ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟು ಅದರ ತುದಿಗಿಂತಲೂ ಮೇಲೆ ತೊಂಬತ್ತು ನಿಮಿಷ ಓಡಬೇಕು! ಸೀತಾಳಯ್ಯನಗಿರಿಯಿಂದ ಮೇಲೆ ಹತ್ತುವಾಗಲೇ ನಮಗೆ ಏದುಸಿರು ಬರುತ್ತಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬ್ರೆಜಿಲ್ ಅಲ್ಲಿಗೆ ಹೋಗಿ 0-1 ಸೋತು ಬಂತು.

ಎರಡರಲ್ಲಿ ಒಂದೇ ಅಂದ್ರೆ? ಕಾಲೇಜು ಹುಡುಗರು, ಹಾಸ್ಟೆಲ್‌ನಲ್ಲಿ ಇರೋರು, ಹಾಸನದಲ್ಲಿ ಇಂಜಿನಿಯರಿಂಗ್ ಓದ್ತಾ ಇರೋರು ಯೂರೊ ಹಿಡೀಲಿ. ಹಾಲು ಕರೆಯೋ ಮನೆ, ತೋಟದ ಮನೆ, ಬೆಳಿಗ್ಗೆ ಬೇಗ ಅಂಗಡಿ ತೆಗೆಯೋರು ಕೋಪಾ ಹಿಡೀಲಿ. ಎರಡನ್ನೂ ಒಂದೇ ತಿಂಗಳು ನೋಡೋಕೆ ಹೋಗಬೇಡಿ. ನಾವು ಮಾಡಿ ನೋಡಿದ್ದೇವೆ, ಮೈ ಕೆಡುತ್ತೆ.

ಆಫ್ರಿಕ: ಕತೆಗಾಗಿ

ಆಫ್ರಿಕ ಕಪ್ 1957ರಲ್ಲಿ ಸುಡಾನ್‌ನ ಖಾರ್ಟೂಮ್‌ನಲ್ಲಿ ಬರೀ ಮೂರು ತಂಡದಿಂದ ಶುರುವಾಯಿತು. ಈಗ 24. ಈಜಿಪ್ಟ್ ಏಳು ಸಲ ಗೆದ್ದಿದೆ.

ನಾನು ನೋಡಿದ ಟೂರ್ನಿಗಳಲ್ಲಿ ಎಲ್ಲಕ್ಕಿಂತ ಮನಸ್ಸಿಗೆ ಹತ್ತಿರವಾದ ತಂಡ 2024ರ ಐವರಿ ಕೋಸ್ಟ್. ತನ್ನದೇ ದೇಶದಲ್ಲಿ ಟೂರ್ನಿ. ಗುಂಪು ಹಂತದಲ್ಲಿ ಈಕ್ವಟೋರಿಯಲ್ ಗಿನಿ ಎದುರು 0-4 ಸೋತಿತು. ಕೋಚ್ ಕೆಲಸ ಹೋಯಿತು. ತಂಡ ಹೊರಗೆ ಬಿದ್ದ ಹಾಗೇ ಇತ್ತು, ಆದರೆ ಬೇರೆ ಗುಂಪಿನಲ್ಲಿ ಮೊರಾಕೊ ಜಾಂಬಿಯಾವನ್ನು ಸೋಲಿಸಿದ್ದಕ್ಕೆ ಗುಂಪಿನಲ್ಲಿ ಮೂರನೇ ಸ್ಥಾನ ಬಂದರೂ ಮುಂದೆ ಹೋಗಬಹುದಾದವರ ಪಟ್ಟಿಯಲ್ಲಿ ಹೇಗೋ ಒಳಗೆ ಬಂತು. ಸಹಾಯಕ ಕೋಚ್ ಆಗಿದ್ದ ಎಮರ್ಸ್ ಫಾಯೆ ಜವಾಬ್ದಾರಿ ಹೊತ್ತುಕೊಂಡರು. ಆಮೇಲೆ ಸೆನೆಗಲ್, ಮಾಲಿ, ಕಾಂಗೊ, ಕೊನೆಗೆ ಫೈನಲ್‌ನಲ್ಲಿ ನೈಜೀರಿಯ 2-1. ಗೆಲುವಿನ ಗೋಲು ಸೆಬಾಸ್ಟಿಯನ್ ಹಾಲರ್ ಅವರದು. ಅದಕ್ಕೂ ಮೊದಲು ಕ್ಯಾನ್ಸರ್ ಬಂದು ಚಿಕಿತ್ಸೆ ಪಡೆದು ಮೈದಾನಕ್ಕೆ ವಾಪಸ್ ಬಂದವರು ಅವರು. ನಮ್ಮ ಮನೆಯಲ್ಲಿ ಆ ಕಾಯಿಲೆ ನೋಡಿದವರಿದ್ದಾರೆ. ಅವರಿಗೆ ಆ ಗೋಲನ್ನು ಫೋನಿನಲ್ಲಿ ತೋರಿಸಿದೆ. ಎರಡು ಸಲ ನೋಡಿದರು.

ಫೈನಲ್ ನಮ್ಮ ರಾತ್ರಿ 1.30ಕ್ಕೆ ಇತ್ತು, ಅದೊಂದು ಕಷ್ಟ. ಗುಂಪು ಹಂತದ ಮೊದಲ ಪಂದ್ಯಗಳು 7.30ಕ್ಕೆ ಬರುತ್ತಿದ್ದವು. ಪಶ್ಚಿಮ ಆಫ್ರಿಕದಲ್ಲಿ ನಡೆದರೆ ಹೀಗೆ. 2027ರ ಕಪ್ಪನ್ನು ಕೀನ್ಯಾ, ಉಗಾಂಡ, ಟಾಂಜಾನಿಯ ಮೂರಕ್ಕೂ ಸೇರಿಸಿ ಕೊಟ್ಟಿದ್ದಾರೆ, ಅಲ್ಲಿಯ ಗಡಿಯಾರ ಸೌದಿಯದ್ದೇ. ಸಮಯದ ಮಟ್ಟಿಗೆ ನಮಗೆ ಅನುಕೂಲ.

ಉಳಿದ ಎರಡು ಒಕ್ಕೂಟಗಳನ್ನು ಹಿಂಬಾಲಿಸಿ ಅಂತ ನಾನು ಹೇಳಲ್ಲ. ಕಾನ್ಕಕಾಫ್‌ನ ಗೋಲ್ಡ್ ಕಪ್ ಬಹುಪಾಲು ಮೆಕ್ಸಿಕೊ, ಅಮೆರಿಕದ ನಡುವಿನ ಮಾತು. 2025ರಲ್ಲೂ ಮೆಕ್ಸಿಕೊ ಗೆದ್ದಿದ್ದು ಅಮೆರಿಕದ ಮೇಲೆ. ಅಲ್ಲಿ ನೆನಪಿಡಬೇಕಾದ ಒಂದು ಹೆಸರು ಕುರಸಾವೊ. ಸುಮಾರು ಒಂದೂವರೆ ಲಕ್ಷ ಜನರ ದ್ವೀಪ, 2026ರ ವರ್ಲ್ಡ್ ಕಪ್ಪಿಗೆ ಅರ್ಹತೆ ಪಡೆಯಿತು. 2011ರ ಜನಗಣತಿಯಲ್ಲಿ ಚಿಕ್ಕಮಗಳೂರು ಪೇಟೆಯದೇ 1.18 ಲಕ್ಷ ಇತ್ತು, ಲೆಕ್ಕ ಹಾಕಿ. ಒಎಫ್‌ಸಿಯಲ್ಲಿ ನ್ಯೂಜಿಲೆಂಡ್ ಬಿಟ್ಟರೆ ದೊಡ್ಡ ತಂಡ ಇಲ್ಲ, ಆಸ್ಟ್ರೇಲಿಯ 2006ರಲ್ಲೇ ಏಷ್ಯಾಕ್ಕೆ ಬಂದುಬಿಟ್ಟಿತು.

ಬಸ್ ಹತ್ತಿ ಹೋಗಿ ನೋಡಬಹುದಾದದ್ದು

ಎಎಫ್‌ಸಿ ಒಳಗೇ ದಕ್ಷಿಣ ಏಷ್ಯಾಕ್ಕೊಂದು ಸಣ್ಣ ಒಕ್ಕೂಟ ಇದೆ, ಸ್ಯಾಫ್. 1997ರಲ್ಲಿ ಶುರುವಾಗಿದ್ದು. ಭಾರತ, ಬಾಂಗ್ಲಾದೇಶ, ನೇಪಾಳ, ಭೂತಾನ್, ಮಾಲ್ಡೀವ್ಸ್, ಶ್ರೀಲಂಕಾ, ಪಾಕಿಸ್ತಾನ. ಮಟ್ಟ ಕಮ್ಮಿ ಅಂತಾರೆ, ಒಪ್ಪುತ್ತೇನೆ. ಆದರೆ 2023ರಲ್ಲಿ ಅದು ಬೆಂಗಳೂರಿನ ಕಂಠೀರವಕ್ಕೆ ಬಂತು, ಲೆಬನಾನ್ ಮತ್ತು ಕುವೈತ್ ಅತಿಥಿಗಳಾಗಿ ಬಂದಿದ್ದರಿಂದ ಮಟ್ಟವೂ ಏರಿತು.

ಜುಲೈ 4ರ ಫೈನಲ್‌ಗೆ ನಾವು ಬೆಳಿಗ್ಗೆ ಚಿಕ್ಕಮಗಳೂರಿನಲ್ಲಿ ಬಸ್ ಹತ್ತಿದೆವು. ಬೇಲೂರು, ಹಾಸನ ದಾಟಿ, ಚನ್ನರಾಯಪಟ್ಟಣದಲ್ಲಿ ತಿಂಡಿ. ಹುಡುಗ ಅದಕ್ಕೂ ಮುಂಚೆ ಸ್ಟೇಡಿಯಮ್ ಒಳಗೆ ಹೋಗಿದ್ದೇ ಇಲ್ಲ. ದೀಪದ ಬೆಳಕಿನಲ್ಲಿ ಹುಲ್ಲು ಅಷ್ಟು ಹಸಿರಾಗಿರುತ್ತೆ ಅಂತ ಅವನಿಗೆ ಗೊತ್ತಿರಲಿಲ್ಲ, ಕೂತವನು ಮೊದಲು ಹೇಳಿದ್ದೇ ಅದು. ಕುವೈತ್ ಮೊದಲು ಹೊಡೆಯಿತು. ನಮ್ಮ ಛಾಂಗ್ಟೆ ಸಮ ಮಾಡಿದ. ಹೆಚ್ಚುವರಿ ಸಮಯವೂ ಮುಗಿದು 1-1. ಪೆನಾಲ್ಟಿ ಹೊತ್ತಿಗೆ ಸ್ಟೇಡಿಯಮ್ಮಿಗೆ ಸ್ಟೇಡಿಯಮ್ಮೇ ವಂದೇ ಮಾತರಂ ಹಾಡುತ್ತಿತ್ತು. ಕೊನೆಯ ಕಿಕ್ಕನ್ನು ನಮ್ಮ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಎಡಕ್ಕೋ ಬಲಕ್ಕೋ ಹಾರಿ ತಡೆದರು, ಯಾವ ಕಡೆ ಅಂತ ನಾನು ನೋಡಲೇ ಇಲ್ಲ, ಮುಂದಿನವರೆಲ್ಲ ಎದ್ದು ನಿಂತಿದ್ದರು. 5-4. ಭಾರತಕ್ಕೆ ಒಂಬತ್ತನೇ ಸ್ಯಾಫ್ ಕಪ್. ಗೊತ್ತಿಲ್ಲದ ಯಾರೋ ಅಣ್ಣ ಹುಡುಗನನ್ನು ಹೆಗಲ ಮೇಲೆ ಎತ್ತಿಕೊಂಡರು. ಮೆಜೆಸ್ಟಿಕ್‌ನಲ್ಲಿ ರಾತ್ರಿ ಬಸ್ ಹತ್ತಿ ಬೆಳಗಾಗುವಾಗ ಊರಲ್ಲಿ ಇಳಿದೆವು. ಯಾವ ಯೂರೊ ಫೈನಲ್ಲೂ ಅವನಿಗೆ ಇಷ್ಟು ನೆನಪಿಲ್ಲ. ಆದ್ದರಿಂದ ಸ್ಯಾಫ್ ಆಗಲಿ, ಭಾರತದ ಅರ್ಹತಾ ಪಂದ್ಯ ಆಗಲಿ, ಬೆಂಗಳೂರಿಗೆ ಬಂದರೆ ಬೇರೆ ಎಲ್ಲ ಲೆಕ್ಕ ಬಿಟ್ಟು ಟಿಕೆಟ್ ತಗೊಳ್ಳಿ.

ಇನ್ನೂ ಹತ್ತಿರದ್ದು ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆ. ದೇಶದ ರಾಜ್ಯ ತಂಡಗಳು ಆಡೋ ಸಂತೋಷ್ ಟ್ರೋಫಿಗೆ ನಮ್ಮ ರಾಜ್ಯದ ತಂಡ ಕಳಿಸೋರು ಅವರೇ. 2023ರ ಮಾರ್ಚ್ 4ಕ್ಕೆ ಕರ್ನಾಟಕ ಮೇಘಾಲಯವನ್ನು 3-2ಕ್ಕೆ ಸೋಲಿಸಿ ಆ ಟ್ರೋಫಿ ಗೆದ್ದಿತು, ಅದೂ ಸೌದಿಯ ರಿಯಾದ್‌ನಲ್ಲಿ. ಮೈಸೂರು ಅನ್ನೋ ಹೆಸರಿನಲ್ಲಿ ಗೆದ್ದ ಮೇಲೆ 54 ವರ್ಷ ಕಾದು ಬಂದ ಕಪ್ ಅದು. ನಮ್ಮ ಪೇಟೆಯಲ್ಲಿ ಅವತ್ತು ಒಂದು ಪಟಾಕಿ ಸದ್ದೂ ಕೇಳಲಿಲ್ಲ. ಅದು ನನಗೆ ಇವತ್ತಿಗೂ ನೋವು.

ಮನೆಯಲ್ಲಿ ಹೆಣ್ಣುಮಗು ಇದ್ದರೆ ಒಂದು ಮಾತು. ಗಂಡಸರ ತಂಡ ಏಷ್ಯನ್ ಕಪ್ ಬಾಗಿಲಲ್ಲಿ ಎಡವಿದ ಅದೇ 2025ರಲ್ಲಿ, ಜುಲೈ 5ರಂದು ನಮ್ಮ ಹೆಣ್ಣುಮಕ್ಕಳು ಥಾಯ್ಲೆಂಡನ್ನು ಅದರ ನೆಲದಲ್ಲೇ 2-1ಕ್ಕೆ ಸೋಲಿಸಿ ಆಸ್ಟ್ರೇಲಿಯದ ಏಷ್ಯನ್ ಕಪ್ಪಿಗೆ ಅರ್ಹತೆ ಪಡೆದರು. ಎರಡೂ ಗೋಲು ಸಂಗೀತಾ ಬಸ್ಫೋರ್ ಅವರದು. ಮಹಿಳಾ ಪಂದ್ಯಗಳನ್ನೂ ಇದೇ ಎಎಫ್‌ಸಿ, ಸ್ಯಾಫ್ ನಡೆಸುತ್ತವೆ. ಅವುಗಳನ್ನೂ ಪಟ್ಟಿಯಲ್ಲಿ ಬರೆದುಕೊಳ್ಳಿ.

ಕೊನೆಗೆ ಎರಡು ಕೆಲಸ. ಯಾವ ಚಾನೆಲ್, ಯಾವ ಆ್ಯಪ್ ಅನ್ನೋದು ಪ್ರತಿ ಸಲ ಬದಲಾಗುತ್ತೆ, ಟೂರ್ನಿಗೆ ಒಂದು ತಿಂಗಳು ಮುಂಚೆಯೇ ವಿಚಾರಿಸಿ ರೀಚಾರ್ಜ್ ಮಾಡಿಸಿ. ಮತ್ತೆ ಜೂನ್, ಜುಲೈ ಪಂದ್ಯ ಆದರೆ ಸಂಜೆಯೇ ಫೋನು ಪೂರ್ತಿ ಚಾರ್ಜ್ ಮಾಡಿ, ಯುಪಿಎಸ್ ಬ್ಯಾಟರಿಗೆ ನೀರು ಇದೆಯಾ ನೋಡಿ. ನಮ್ಮ ಮನೆಯಲ್ಲಿ ಆ ನೀರು ನೋಡೋ ಕೆಲಸ ಈಗ ಹುಡುಗನದು.